ಪಂಪ್‌ಸೆಟ್ ಲೈನಿನ ಕರೆಂಟು, ಭಾಗ್ಯಳ ಜೀಪಿನ ಫ್ಲ್ಯಾಂಜು

2023ರ ಮಳೆಗಾಲ. ಚಾಮರಾಜನಗರದಲ್ಲಿ ವೆಲ್ಡಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದ ನಾನು ನಿವೃತ್ತನಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಕೂತು ಒಂದೇ ಪೇಪರನ್ನು ಎರಡೆರಡು ಸಲ ಓದುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ನಾನು ಮನೆಯಲ್ಲಿರುವುದು ಮನೆಯವರಿಗೂ ಒಗ್ಗಲಿಲ್ಲ. ಹಾಗಾಗಿ ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಚೆಂಡುಹೂವಿನ ಹೊಲಗಳು ಶುರುವಾಗುವ ಕಡೆ, ಇಮ್ತಿಯಾಜ್ ಜೊತೆ ಸೇರಿ ಒಂದು ಶೆಡ್ ಹಾಕಿದ್ದೆ. ಇಮ್ತಿಯಾಜ್ ಪೇಟೆಯವನು, ಲಾರಿಗೆ ಬಾಡಿ ಕಟ್ಟುವ ಮನೆತನದವನು. ಅಳತೆ ಹಿಡಿಯುವುದು, ಕತ್ತರಿಸುವುದು, ಜೋಡಿಸುವುದು ಅವನ ಕೆಲಸ; ಬೆಸೆಯುವುದು ನನ್ನದು. ದಿನಕ್ಕೊಂದು ಜಗಳವಾಡದಿದ್ದರೆ ನಮ್ಮಿಬ್ಬರಿಗೂ ಟೀ ರುಚಿಸುತ್ತಿರಲಿಲ್ಲ.

ಶೆಡ್ಡಿಗಿದ್ದ ದೊಡ್ಡ ತಾಪತ್ರಯವೆಂದರೆ ಕರೆಂಟು. ನಮ್ಮದು ಪಂಪ್‌ಸೆಟ್ ಲೈನು. ಸುತ್ತಲಿನ ಬೋರ್‌ವೆಲ್‌ಗಳಿಗೆ ತ್ರೀ ಫೇಸ್ ಬಿಟ್ಟಾಗ ನಮಗೂ ತ್ರೀ ಫೇಸ್, ಅವರಿಗೆ ನಿಲ್ಲಿಸಿದಾಗ ನಮಗೂ ನಿಂತಂತೆಯೇ. ನಮ್ಮ ಹಳೆಯ ಟಿಗ್ ವೆಲ್ಡಿಂಗ್ ಮೆಷಿನ್ನಿಗೆ ತ್ರೀ ಫೇಸೇ ಬೇಕು. ಅದನ್ನು ಊರೊಳಗೆ ಹೊತ್ತುಕೊಂಡು ಹೋಗೋಣವೆಂದರೆ ಎತ್ತಲು ನಾಲ್ಕು ಜನ ಬೇಕು. ಈ ಲೈನಿನಲ್ಲಿ ಬದುಕುವವರಿಗೆಲ್ಲ ಒಂದು ಅಭ್ಯಾಸ ಮೈಗೆ ಅಂಟಿಕೊಂಡುಬಿಡುತ್ತದೆ. ಕರೆಂಟ್ ಇದ್ದಾಗಲೇ ಕೆಲಸ ಮುಗಿಸಿಬಿಡಬೇಕು. ಈರುಳ್ಳಿ ಹೊಲಕ್ಕೆ ನೀರು ಕಟ್ಟುವವನು ಉಣ್ಣುವ ತಟ್ಟೆ ಬಿಟ್ಟು ಓಡುತ್ತಾನೆ, ಹಿಟ್ಟಿನ ಗಿರಣಿಯವನು ಮದುವೆ ಮನೆಯ ಪಂಕ್ತಿಯಿಂದ ಎದ್ದು ಬರುತ್ತಾನೆ. ನಾವೇನೂ ಬೇರೆಯವರಲ್ಲ, ಬಲ್ಬಿನ ಪಕ್ಕದ ಮೂರು ಇಂಡಿಕೇಟರ್ ಹತ್ತಿಕೊಂಡರೆ ಸಾಕು, ಅರ್ಧ ಕುಡಿದ ಟೀ ಚೆಲ್ಲಿ ಮುಖಕ್ಕೆ ಶೀಲ್ಡ್ ಹಾಕಿಕೊಳ್ಳುತ್ತಿದ್ದೆವು.

ಅಂಥ ಒಂದು ಬುಧವಾರ ಭಾಗ್ಯ ತನ್ನ ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಭಾಗ್ಯಳದ್ದು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ, ಬಂಡೀಪುರ ಕಾಡಿಗೆ ಅಂಟಿಕೊಂಡ ಒಂದು ಸಣ್ಣ ಊರು. ಅಲ್ಲಿಂದ ಹೈಸ್ಕೂಲಿಗೆ ಬರುವ ದಾರಿಯಲ್ಲಿ ಆನೆ ಕಾಟ. ಮಕ್ಕಳನ್ನು ನಡೆಸಿ ಕಳಿಸುವಂತಿಲ್ಲ, ಬಸ್ಸು ಆ ದಾರಿಗೆ ಬರುವುದಿಲ್ಲ. ಊರಿನವರೆಲ್ಲ ಮಾತಾಡಿಕೊಂಡು ಭಾಗ್ಯಳ ಜೀಪನ್ನೇ ಶಾಲೆಗೆ ಗೊತ್ತು ಮಾಡಿದ್ದರು. ಬೆಳಗ್ಗೆ ತುಂಬಿಕೊಂಡು ಬಂದು ಬಿಡುವುದು, ಸಂಜೆ ತುಂಬಿಕೊಂಡು ಹೋಗುವುದು. ಮಾತು ಜೋರು, ಸ್ಟಿಯರಿಂಗ್ ಮೇಲೆ ಕೈ ಮಾತ್ರ ಮೃದು.

“ಮೇಷ್ಟ್ರೆ, ಗಾಡಿ ಒಳಗ ಹೊಗೆ ವಾಸ್ನ ತುಂಬ್ಕತ್ತದ. ಐಕ್ಳು ವಾಂತಿ ಮಾಡ್ಕತ್ತವ. ಸೈಲೆನ್ಸರ್ ಒಂದ್ಸಲ ನೋಡ್ಬುಡಿ,” ಎಂದಳು.

ನಮ್ಮ ಕಡೆ ಎಂಜಿನ್ನಿನಿಂದ ಹೊಗೆ ಆಚೆ ಹೋಗುವ ದಾರಿಯಲ್ಲಿ ಏನೇ ಇರಲಿ, ಅದರ ಹೆಸರು ಸೈಲೆನ್ಸರ್. ಬಾನೆಟ್ ಎತ್ತಿ ನೋಡಿದರೆ ರೋಗ ಸೈಲೆನ್ಸರಿನಲ್ಲಿ ಇರಲಿಲ್ಲ, ಹೆಡರಿನಲ್ಲಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹೊಗೆ ಹೊರಹಾಕುವ ಬಾಯಿಗಳೂ ನಾಲ್ಕು. ಒಂದೊಂದು ಬಾಯಿಗೂ ಒಂದೊಂದು ಪೈಪು ಕೂರಿಸಿ, ನಾಲ್ಕನ್ನೂ ಮುಂದೆ ಒಂದಾಗಿ ಸೇರಿಸಿದರೆ ಅದು ಹೆಡರ್. ಪೈಪುಗಳ ಬುಡದಲ್ಲಿ ನಾಲ್ಕು ತೂತಿನ ಒಂದು ಉದ್ದ ಉಕ್ಕಿನ ಪಟ್ಟಿ ಇರುತ್ತದೆ, ಅದೇ ಫ್ಲ್ಯಾಂಜ್. ಬೋಲ್ಟ್ ಹಾಕಿ ಎಂಜಿನ್ನಿಗೆ ಬಿಗಿಯುವುದು ಅದನ್ನೇ. ನಡುವೆ ತೆಳ್ಳನೆಯ ಗ್ಯಾಸ್ಕೆಟ್. ಫ್ಲ್ಯಾಂಜಿನ ಮುಖ ನೇರವಾಗಿದ್ದರೆ ಗ್ಯಾಸ್ಕೆಟ್ ಹೊಗೆಯನ್ನು ತಡೆಯುತ್ತದೆ. ಡೊಂಕಾದರೆ ಯಾವ ಗ್ಯಾಸ್ಕೆಟ್ಟೂ ತಡೆಯದು.

ಭಾಗ್ಯಳ ಜೀಪಿನ ಮೊದಲ ಎಂಜಿನ್ ಯಾವತ್ತೋ ಹೋಗಿ, ಹಿಂದಿನ ಮಾಲೀಕ ಒಂದು ಕಾರಿನ ಪೆಟ್ರೋಲ್ ಎಂಜಿನ್ ಕೂರಿಸಿದ್ದ. ಆ ಕಾರಿನ ಹೆಡರು ಜೀಪಿನ ಸ್ಟಿಯರಿಂಗಿಗೆ ತಾಕುತ್ತಿತ್ತಂತೆ. ಹಾಗಾಗಿ ಯಾರೋ ಕೈಯಲ್ಲೇ ಒಂದು ಹೆಡರು ಕಟ್ಟಿ ಕೊಟ್ಟಿದ್ದರು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಕಟ್ಟಿದವನು ತೆಳು ಪಟ್ಟಿಗೆ ಸಿಕ್ಕಾಪಟ್ಟೆ ಬಿಸಿ ಕೊಟ್ಟಿದ್ದ. ಆಮೇಲೆ ಬಂದವರು ಎರಡು ಗ್ಯಾಸ್ಕೆಟ್ ಹಾಕಿ, ಅದರ ಮೇಲೆ ಪೇಸ್ಟ್ ಮೆತ್ತಿ, ಬೋಲ್ಟು ಮುರಿಯುವವರೆಗೂ ಬಿಗಿದಿದ್ದರು. ಬಿಚ್ಚಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಎರಡೂ ತುದಿಗಳಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಬೆಳಕು ಕಾಣುತ್ತಿತ್ತು.

“ಬೆಳಗ್ಗೆ ಸಂಜೆ ಎರಡೊತ್ತೂ ಈ ಪಾಡಾ?” ಎಂದು ಇಮ್ತಿಯಾಜ್ ಕೇಳಿದ.

“ಬೆಳಗ್ಗೆ ವಾಂತಿ ಕಣಣ್ಣ. ಸಂಜೆ ಮಾತ್ರ ಒಂದು ತಂಟೆ ಇಲ್ಲ,” ಎಂದಳು ಭಾಗ್ಯ. “ಮಳ ಬತ್ತದಲ್ಲ, ಸೈಡ್ ಪರದ ಇಳಿಬುಟ್ರ ಸಾಕು, ಎಲ್ಲವೂ ಒಂದರ ಮ್ಯಾಲ ಒಂದು ಬಿದ್ದು ನಿದ್ದ ಒಡೀತವ. ಊರು ಬಂದ್ರೂ ಏಳಾಕಿಲ್ಲ. ನಾನೇ ಎಬ್ಸಿ ಇಳಿಸ್ಬೇಕು.”

ನಾನು ಸ್ಕೇಲ್ ಕೆಳಗಿಟ್ಟೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಗಾಳಿ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೂಗಿಗೆ ಬಡಿಯುವುದು ಅರ್ಧ ಸುಟ್ಟ ಪೆಟ್ರೋಲಿನ ವಾಸನೆ ಮಾತ್ರ. ಕೊಲ್ಲುವುದು ಅದರ ಜೊತೆ ಸುಮ್ಮನೆ ಬರುವ ಈ ಗಾಳಿ. ಮೊದಲು ತಲೆನೋವು, ವಾಂತಿ, ಆಮೇಲೆ ಮಂಪರು. ಜೀಪಿನ ಪೆಡಲ್ ಹತ್ತಿರದ ತೂತುಗಳಿಂದ ಅದು ಒಳಗೆ ನುಗ್ಗುತ್ತಿತ್ತು; ಪರದೆ ಇಳಿಸಿದ ಮೇಲೆ ಹೊರಹೋಗಲು ದಾರಿಯೇ ಇರಲಿಲ್ಲ. ಭಾಗ್ಯ ಮುಂದಿನ ಕಿಟಕಿಯ ಪಕ್ಕ ಕೂತು ಗಾಳಿ ಕುಡಿಯುತ್ತಿದ್ದುದರಿಂದ ಅವಳಿಗೆ ಏನೂ ಆಗಿರಲಿಲ್ಲ.

“ಭಾಗ್ಯಮ್ಮ, ಅದು ನಿದ್ದೆಯಲ್ಲ ಕಣವ್ವ,” ಎಂದೆ. ಏನೆಂದು ಬಿಡಿಸಿ ಹೇಳಿದೆ. ಅವಳು ಜೀಪಿನ ಬಂಪರ್ ಹಿಡಿದು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಇಮ್ತಿಯಾಜ್ ನೀರು ತಂದುಕೊಟ್ಟ. ಈ ಗಾಡಿ ಇಲ್ಲಿಂದ ಕದಲಬಾರದು ಎಂದು ಹೇಳಿ ಕೀ ತೆಗೆದು ಜೇಬಿಗೆ ಹಾಕಿಕೊಂಡೆ.

ಅದಕ್ಕೆ ಅವಳು ದಡಕ್ಕನೆ ಎದ್ದಳು. “ಗಾಡಿ ಇಲ್ದಿದ್ರ ಗಂಡ್ ಐಕ್ಳು ಎಂಗೋ ಬೈಕ್ ಅತ್ಕಂಡು ಓಯ್ತವ ಮೇಷ್ಟ್ರೆ. ಎಣ್ಣೈಕ್ಳ ಕಥ ಏನು? ನೆನ್ನ ಸಿಂಚನ ಅನ್ನೋ ಮಗ ಇಳಿಯಾಕ್ ಆಗ್ದೆ ಬಿದ್ದೋಗ್ಬುಟ್ಟಳ. ಅವಳ ಅಜ್ಜಿ ಚಿಕ್ಕತಾಯಮ್ಮ ಊರ್‌ಗೆಲ್ಲ ಕೇಳಂಗ ಹೇಳ್ಬುಟ್ಟವ್ರ, ಸೋಮಾರ ಗಾಡಿ ಸರಿಯಾಗಿ ಬರ್ನಿಲ್ಲ ಅಂದ್ರ ಮೊಮ್ಮಗಳ ಸ್ಕೂಲ್ ಬುಡಿಸ್ತೀನಿ ಅಂತ. ಅವ್ರು ಬುಡಿಸುದ್ರ ಮಿಕ್ಕೋರು ಬುಡಿಸ್ತರ. ಒಂದ್ಸಲ ಮನಲಿ ಕುಂತ್ರ ಮುಗೀತು, ಮತ್ತ ಕಳ್ಸಾಕಿಲ್ಲ.”

ಕಾಡಂಚಿನ ಊರುಗಳಲ್ಲಿ ಇದು ಉತ್ಪ್ರೇಕ್ಷೆಯ ಮಾತಲ್ಲ. ನಾಲ್ಕು ದಿನ ಮನೆಯಲ್ಲಿ ಕೂತ ಹುಡುಗಿ ಐದನೆಯ ದಿನ ಚೆಂಡುಹೂ ಬಿಡಿಸಲು ಹೋಗುತ್ತಾಳೆ, ಆಮೇಲೆ ಪುಸ್ತಕದ ಚೀಲ ಗೂಟಕ್ಕೆ ನೇತುಬಿದ್ದೇ ಇರುತ್ತದೆ. ಸೋಮವಾರ ಬೆಳಗ್ಗೆ ಜೀಪು ಅವಳ ಊರಿನಲ್ಲಿರಬೇಕು ಎಂದು ಮಾತು ಕೊಟ್ಟೆ. ಕೊಡುವಾಗ ಸುಲಭವಾಗಿತ್ತು.

ಆ ಸಂಜೆ ಮಕ್ಕಳನ್ನು ಊರಿನವರೇ ಬೈಕುಗಳಲ್ಲಿ ಬಂದು ಕರೆದೊಯ್ದರು. ಗುರುವಾರ ಇಮ್ತಿಯಾಜ್ ಹತ್ತು ಮಿಲಿಮೀಟರ್ ದಪ್ಪದ ಪ್ಲೇಟಿನಲ್ಲಿ ಹೊಸ ಫ್ಲ್ಯಾಂಜ್ ಕತ್ತರಿಸಿದ. ಹಳೆಯ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟುಕೊಂಡು ತೂತು ಗುರುತು ಮಾಡಿದ. ಎರಡು ಮಿಲಿಮೀಟರ್ ದಪ್ಪದ ಪೈಪಿನ ಬೆಂಡುಗಳನ್ನು ಕತ್ತರಿಸಿ, ಸ್ಟಿಯರಿಂಗಿಗೆ ತಾಕದ ಹಾಗೆ ಜೀಪಿನ ಮೇಲೇ ಜೋಡಿಸಿ, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿಸಿದ. ಇದಕ್ಕೆ ಟ್ಯಾಕ್ ಎನ್ನುತ್ತೇವೆ. ಪೂರ್ತಿ ಬೆಸೆಯುವ ಮೊದಲು ಜಾಗ ತಪ್ಪದಂತೆ ಹಿಡಿದಿಡುವ ಕೆಲಸ. ಕೆಲಸ ಬಲು ಅಚ್ಚುಕಟ್ಟು. ಆಮೇಲೆ ಫ್ಲ್ಯಾಂಜನ್ನು ಬೆಂಚಿಗೆ ಕ್ಲಾಂಪ್ ಹಾಕಿ ಬಿಗಿದೆವು. ನಡುವೆ ಹೋಗಿದ್ದ ಕರೆಂಟು ಅಷ್ಟರಲ್ಲಿ ಬಂದು ಇಂಡಿಕೇಟರ್ ಮೂರೂ ಮತ್ತೆ ಹತ್ತಿಕೊಂಡವು. ಸುತ್ತ ಹೊಲಗಳಲ್ಲಿ ಮೋಟರುಗಳು ಗುಂಯ್ ಎಂದವು.

“ಕರೆಂಟ್ ಬಂತು. ಎಳೆದ್ಬುಡಿ ಮೇಷ್ಟ್ರೆ, ಹೋಗೋದ್ರೊಳಗೆ ನಾಲ್ಕೂ ಮುಗಿದೋಗ್ಲಿ,” ಎಂದ ಇಮ್ತಿಯಾಜ್.

ನನಗೂ ಅದೇ ಅನಿಸಿತ್ತು. ಮೊದಲ ಪೈಪಿನ ಸುತ್ತ ಒಂದೇ ಉಸಿರಿಗೆ ಬೆಸೆದೆ, ಎರಡನೆಯದು, ಮೂರನೆಯದು, ನಾಲ್ಕನೆಯದು. ಬೆಸುಗೆಯ ಸಾಲು ಜೋಡಿಸಿಟ್ಟ ನಾಣ್ಯಗಳಂತೆ ಅಷ್ಟು ಚೆಂದ ಬಂದಿತ್ತು. ಇಂಡಿಕೇಟರ್ ಆರುವ ಮೊದಲೇ ಕೆಲಸ ಮುಗಿದಿತ್ತು. ಇಬ್ಬರೂ ಬೀಗಿದೆವು. ಇಮ್ತಿಯಾಜ್ ಬಿಸಿಯಿರುವಾಗಲೇ ಕ್ಲಾಂಪ್ ಬಿಚ್ಚಿದ. ಸ್ಕೇಲ್ ಇಟ್ಟರೆ ಹಳೆಯ ಫ್ಲ್ಯಾಂಜ್ ಎಷ್ಟು ಡೊಂಕಾಗಿತ್ತೋ ಇದೂ ಹೆಚ್ಚುಕಡಿಮೆ ಅಷ್ಟೇ ಡೊಂಕು.

ಇದರ ಗುಟ್ಟೇನೂ ದೊಡ್ಡದಲ್ಲ. ಕರಗಿದ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ಬೆಸುಗೆಯೆಲ್ಲ ಪೈಪು ಇರುವ ಬದಿಯಲ್ಲಿ. ಆ ಬದಿ ಕುಗ್ಗಿದರೆ ಪಟ್ಟಿಯ ಎರಡು ತುದಿಗಳೂ ಪೈಪಿನ ಕಡೆಗೆ ಏಳುತ್ತವೆ, ಎಂಜಿನ್ನಿಗೆ ಕೂರುವ ಮುಖದಲ್ಲಿ ಸಂದು ಬೀಳುತ್ತದೆ. ಒಂದರ ಹಿಂದೊಂದು ಬಿಸಿ ಕೊಡುತ್ತ ಹೋದಷ್ಟೂ ಎಳೆತ ಜಾಸ್ತಿ. ತರಗತಿಯಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆದು ಎಷ್ಟು ಬ್ಯಾಚಿಗೆ ಹೇಳಿದ್ದೇನೋ. ಆದರೆ ತರಗತಿ ಇದ್ದದ್ದು ಚಾಮರಾಜನಗರದ ಊರೊಳಗೆ, ಅಲ್ಲಿ ಕರೆಂಟು ಇಷ್ಟು ಆಟ ಆಡಿಸುತ್ತಿರಲಿಲ್ಲ. ಪಂಪ್‌ಸೆಟ್ ಲೈನಿಗೆ ಬಂದ ಮೇಲೆ ಮೀಟರು ತಿರುಗುವ ಲೆಕ್ಕದಲ್ಲೇ ನನ್ನ ಕೈಯೂ ತಿರುಗುತ್ತಿತ್ತು.

ಇಮ್ತಿಯಾಜ್ ಅಷ್ಟು ಬೇಗ ಸೋಲೊಪ್ಪುವವನಲ್ಲ. ಹೈಡ್ರಾಲಿಕ್ ಪ್ರೆಸ್ಸಿಗೆ ಕೊಟ್ಟು ಒತ್ತಿದ. ಪಟ್ಟಿ ನೇರವಾಯಿತು, ಆದರೆ ಮೂರನೆಯ ಪೈಪಿನ ಬುಡದಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಅದನ್ನು ಹಾಗೇ ಮುಚ್ಚಿ ಕೊಟ್ಟಿದ್ದರೆ ಭಾಗ್ಯಳಿಗೆ ಗೊತ್ತಾಗುತ್ತಿರಲಿಲ್ಲ. ಮಕ್ಕಳ ಗಾಡಿಯಲ್ಲಿ ಬಿರುಕು ಮುಚ್ಚುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಗುಜರಿ ರಾಶಿಗೆ ಎಸೆದೆವು. ಆವತ್ತು ಟೀ ಕುಡಿಯುವಾಗ ಜಗಳವಾಡುವುದಕ್ಕೂ ಮನಸ್ಸಾಗಲಿಲ್ಲ.

ಶುಕ್ರವಾರ ಇಮ್ತಿಯಾಜನ ಪಿಕಪ್ ಹತ್ತಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋದೆವು. ಬೇಕಾಗಿದ್ದುದು ಎರಡು ವಸ್ತು. ಒಂದು, ಎಷ್ಟು ಎಳೆದರೂ ಬಗ್ಗದ ದಪ್ಪ ಉಕ್ಕಿನ ಪ್ಲೇಟು. ಬೆಸೆಯುವಾಗ ಫ್ಲ್ಯಾಂಜನ್ನು ಅದಕ್ಕೆ ಬಿಗಿದಿಡಬೇಕು. ಇನ್ನೊಂದು, ನೇರವೋ ಡೊಂಕೋ ಎಂದು ನಂಬಿಕೆಯಿಂದ ನೋಡಲು ಒಂದು ಸಮತಟ್ಟು ಮೇಲ್ಮೈ. ಗುಜರಿ ಅಂಗಡಿಯಲ್ಲಿ ಇಪ್ಪತ್ತೈದು ಮಿಲಿಮೀಟರ್ ದಪ್ಪದ ಪ್ಲೇಟಿನ ತುಂಡು ಸಿಕ್ಕಿತು, ಯಾವುದೋ ಕಲ್ಲು ಕೊಯ್ಯುವ ಯಂತ್ರದ ಬುಡ. ಸಮತಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯೇ? ಕರಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿತ್ತಲಲ್ಲಿ ಅಂಚು ಮುರಿದ ಚಪ್ಪಡಿಗಳು ಬಿದ್ದಿದ್ದವು. ಮುಖ ನೋಡಿಕೊಳ್ಳುವಷ್ಟು ನುಣುಪು. ಅದರಲ್ಲಿ ಸಮತಟ್ಟಾದದ್ದನ್ನು ಹುಡುಕಿ, ಎರಡೂ ಕರ್ಣಕ್ಕೆ ಸ್ಕೇಲ್ ಇಟ್ಟು ನೋಡಿ, ಹಳೆಯ ಕಂಬಳಿಯಲ್ಲಿ ಸುತ್ತಿ ತಂದೆವು. ಅಡುಗೆಮನೆ ಕಟ್ಟೆಗಾ ಎಂದು ಅಲ್ಲಿನ ಕೆಲಸಗಾರ ಕೇಳಿದ. ಹೌದೆಂದೆ. ವಿವರಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಪ್ಲೇಟಿಗೆ ಎಂಜಿನ್ನಿನದೇ ಲೆಕ್ಕದಲ್ಲಿ ತೂತು ಕೊರೆದು, ಬೋಲ್ಟು ಹಿಡಿಯುವಂತೆ ಒಳಗೆ ಥ್ರೆಡ್ ಹಾಕಿ, ಇಮ್ತಿಯಾಜ್ ಮತ್ತೊಮ್ಮೆ ಕತ್ತರಿಸಿ ಪೈಪು ಟ್ಯಾಕ್ ಮಾಡಿಸಿದ ಹೊಸ ಫ್ಲ್ಯಾಂಜನ್ನು ಎಲ್ಲ ಬೋಲ್ಟುಗಳಿಂದ ಬಿಗಿದೆವು. ಶನಿವಾರ ಬೆಳಗ್ಗೆ ಕರೆಂಟು ಬಂತು. ಭಾಗ್ಯಳೂ ಬಂದಳು, ಯಾರದೋ ಬೈಕಿನ ಹಿಂದೆ ಕೂತು. ಈ ಸಲ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡಿದ್ದೆ. ಒಂದು ಸಲಕ್ಕೆ ಹೆಬ್ಬೆರಳಿನ ಉಗುರಿನಷ್ಟು ಉದ್ದ ಮಾತ್ರ ಬೆಸೆಯುವುದು. ಮೊದಲನೆಯ ಪೈಪಿನಲ್ಲಿ ಒಂದು ತುಣುಕು, ಆಮೇಲೆ ನಾಲ್ಕನೆಯದರಲ್ಲಿ, ಆಮೇಲೆ ಎರಡನೆಯದು, ಮೂರನೆಯದು. ಮತ್ತೆ ಮೊದಲನೆಯದಕ್ಕೆ ಬಂದಾಗ ಹಿಂದೆ ಬೆಸೆದ ಜಾಗದ ಎದುರು ಬದಿಯಲ್ಲಿ. ಪ್ರತಿ ಸುತ್ತಿನ ನಂತರ ಫ್ಲ್ಯಾಂಜನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದು. ಬೆರಳು ತಡೆಯುವಷ್ಟು ತಣ್ಣಗಾಗದೆ ಬೆಸುಗೆಯ ಟಾರ್ಚ್ ಎತ್ತುವಂತಿಲ್ಲ.

ಹೇಳುವುದು ಸುಲಭ. ಮೀಟರು ಓಡುತ್ತಿದೆ, ಮೋಟರುಗಳು ಸುತ್ತಲೂ ಗುಂಯ್ಗುಡುತ್ತಿವೆ, ನಾನು ಕೈಕಟ್ಟಿ ಕೂತಿದ್ದೇನೆ. ಭಾಗ್ಯ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

“ಕರೆಂಟ್ ಅದಲ್ಲ ಮೇಷ್ಟ್ರೆ, ಯಾಕ ಸುಮ್ನ ಕುಂತ್ಕಂಡ್ರಿ?”

“ತಣ್ಣಗಾಗಲಿ ಕಣವ್ವ.”

“ಕರೆಂಟ್ ಓದ್ರ ಏನ್ ಮಾಡೀರಿ?”

ಇಮ್ತಿಯಾಜನ ಕಾಲು ನೆಲ ತಟ್ಟುತ್ತಿತ್ತು. ಅದು ಭಾಗ್ಯಳ ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಕೈಯೂ ತುರಿಸುತ್ತಿತ್ತು. ಇಷ್ಟು ವರ್ಷ ಕರೆಂಟ್ ಇರುವಾಗ ಕೂತು ಗೊತ್ತಿಲ್ಲದ ಮೈ, ಅದಕ್ಕೆ ಕೂರುವುದೇ ಕಷ್ಟ. ಅರ್ಧ ಕೆಲಸವೂ ಆಗಿರಲಿಲ್ಲ, ಮೂರೂ ಇಂಡಿಕೇಟರ್ ಒಟ್ಟಿಗೆ ಆರಿದವು. ಹೊಲಗಳ ಕಡೆಯಿಂದ ಸದ್ದು ನಿಂತಿತು. ಎಲ್ಲೋ ಮರ ಬಿದ್ದು ಲೈನು ಹರಿದಿದೆ, ಇವತ್ತಿಗೆ ಬರುವುದಿಲ್ಲ ಎಂದು ಲೈನ್‌ಮನ್ ಫೋನಿನಲ್ಲಿ ಹೇಳಿದ.

ಭಾಗ್ಯ ತಲೆಯ ಮೇಲೆ ಕೈ ಹೊತ್ತಳು. ಇಮ್ತಿಯಾಜ್ ಎದ್ದು ನಿಂತ. “ಶಾಮಿಯಾನದವರ ಹತ್ರ ದೊಡ್ಡ ಜನರೇಟರ್ ಐತೆ ಮೇಷ್ಟ್ರೆ. ಪಿಕಪ್ಪಲ್ಲಿ ತಂದ್ಬುಡ್ತೀನಿ. ಈಗ್ಲೆ ಕೂತು ಎಳೆದ್ರೆ ಊಟದೊತ್ತಿಗೆ ಮುಗೀತದೆ.”

“ಬೇಡ,” ಎಂದೆ.

“ಯಾಕೆ ಬೇಡ? ಕರೆಂಟ್ ಇಲ್ಲ ಅಂತ ತಾನೆ ನಿಂತಿರೋದು?”

ನನಗೆ ಪಿತ್ತ ನೆತ್ತಿಗೇರಿತು. ಗುರುವಾರ ಕೆಟ್ಟದ್ದು ಕರೆಂಟ್ ಇಲ್ಲದೆಯೋ ಇದ್ದೋ ಎಂದು ಕೂಗಿದೆ. ಜನರೇಟರ್ ತಂದರೆ ಅದರ ಸದ್ದಿಗೇ ಕೈ ಓಡುತ್ತದೆ, ಅರ್ಧಂಬರ್ಧ ಬಿಸಿಯಲ್ಲಿ ಮತ್ತೆ ಎಳೆಯುತ್ತೇವೆ, ಮತ್ತೆ ಗುಜರಿ, ಆಮೇಲೆ ಸೋಮವಾರ ಆ ಅಜ್ಜಿಗೆ ಏನು ತೋರಿಸುತ್ತೀಯ ಎಂದೆ. ಇಮ್ತಿಯಾಜ್ ಪಿಕಪ್ಪಿನ ಕೀ ತೆಗೆದು ಬೆಂಚಿನ ಮೇಲಿಟ್ಟು, “ಬೋಲ್ಟ್ ನಾನು ಮುಟ್ಟಲ್ಲ, ನೀವೂ ಮುಟ್ಬೇಡಿ,” ಎಂದ. ಮೊದಲ ಹೆಡರಿನ ಕ್ಲಾಂಪ್ ಬಿಸಿಯಲ್ಲೇ ಬಿಚ್ಚಿದ್ದು ತಪ್ಪೆಂದು ಅವನಿಗೂ ಹೊಳೆದಿತ್ತು. ಇಬ್ಬರೂ ಸೇರಿ ಪ್ಲೇಟಿಗೆ ಬಿಗಿದಿದ್ದ ಹೊಸ ಹೆಡರಿನ ಮೇಲೆ ಗೋಣಿಚೀಲ ಹೊದಿಸಿದೆವು, ಮಳೆಯ ತಣ್ಣನೆ ಗಾಳಿ ಒಂದೇ ಕಡೆಗೆ ಬಡಿಯದ ಹಾಗೆ.

ಭಾಗ್ಯ ಮುಖ ಊದಿಸಿಕೊಂಡು ಹೋದಳು. ಆ ಸಂಜೆ ಮನೆಗೆ ಹೋಗುವಾಗ ಮಾತ್ರ ನನ್ನ ಮನಸ್ಸು ವಿಚಿತ್ರವಾಗಿ ಹಗುರಾಗಿತ್ತು. ನಾನು ಬಲವಂತದಿಂದ ಮಾಡಬೇಕಾಗಿದ್ದ ಕೆಲಸವನ್ನು ಲೈನಿನ ಮೇಲೆ ಬಿದ್ದ ಯಾವುದೋ ಮರ ಮಾಡಿಕೊಟ್ಟಿತ್ತು. ಅದಕ್ಕಿಂತ ನಿಧಾನವಾಗಿ, ಸಮನಾಗಿ ಆ ಉಕ್ಕನ್ನು ತಣ್ಣಗೆ ಮಾಡಲು ನನ್ನಿಂದ ಸಾಧ್ಯವಿರಲಿಲ್ಲ.

ಭಾನುವಾರ ಲೈನು ಸರಿಯಾಯಿತು. ಅದೇ ಸುತ್ತು, ಅದೇ ತುಣುಕು, ಅದೇ ಬೆರಳು. ಆವತ್ತು ಇಮ್ತಿಯಾಜನ ಕಾಲು ನೆಲ ತಟ್ಟಲಿಲ್ಲ; ಮುಟ್ಟಿ ನೋಡುವ ಕೆಲಸವನ್ನು ಅವನೇ ವಹಿಸಿಕೊಂಡು, ನಾನು ಟಾರ್ಚ್ ಎತ್ತಲು ಹೋದರೆ “ಇನ್ನೂ ಇಲ್ಲ” ಎಂದು ಗದರುತ್ತಿದ್ದ. ಕರೆಂಟ್ ಹೋಗುವ ಹೊತ್ತಿಗೆ ಕೊನೆಯ ತುಣುಕು ಮುಗಿದಿತ್ತು. ಬೋಲ್ಟಿಗೆ ಕೈ ಹಾಕದೆ ಊಟಕ್ಕೆ ಹೋದೆವು, ಬಂದೆವು, ಮತ್ತೆ ಟೀಗೆ ಹೋದೆವು. ಮಧ್ಯಾಹ್ನ ಇಳಿದ ಮೇಲೆ ಪ್ಲೇಟಿನ ಹೊಟ್ಟೆಗೆ ಅಂಗೈ ಇಟ್ಟರೆ ಶೆಡ್ಡಿನ ನೆಲದಷ್ಟೇ ತಣ್ಣಗಿತ್ತು.

ಇಮ್ತಿಯಾಜ್ ಬೋಲ್ಟುಗಳನ್ನು ಒಂದೊಂದಾಗಿ, ನಡುವಿನಿಂದ ತುದಿಯ ಕಡೆಗೆ, ಸ್ವಲ್ಪ ಸ್ವಲ್ಪ ಸಡಿಲಿಸಿದ. ಕೊನೆಯ ಬೋಲ್ಟ್ ಹೊರಬಂದ ಮೇಲೆ ಹೆಡರನ್ನು ಎತ್ತಿ ಕರಿಕಲ್ಲಿನ ಮೇಲೆ ಮುಖ ಕೆಳಗಾಗಿ ಇಟ್ಟೆವು. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳಿಗೆ ಫೀಲರ್ ಗೇಜ್ ಎನ್ನುತ್ತಾರೆ. 0.1 ಮಿಲಿಮೀಟರಿನ ಎಲೆಯನ್ನು ಸುತ್ತಲೂ ತೂರಿಸಲು ನೋಡಿದೆ. ಎಲ್ಲೂ ಹೋಗಲಿಲ್ಲ. ಅದಕ್ಕಿಂತ ತೆಳುವಾದದ್ದು ಬಲತುದಿಯ ಒಂದು ಮೂಲೆಯಲ್ಲಿ ಮಾತ್ರ ಇಣುಕಿತು. ಅಷ್ಟನ್ನು ಗ್ಯಾಸ್ಕೆಟ್ ನುಂಗಿಕೊಳ್ಳುತ್ತದೆ. ಆದರೂ ಕಲ್ಲಿನ ಮೇಲೆ ಎಮರಿ ಪೇಪರ್ ಹಾಸಿ, ಫ್ಲ್ಯಾಂಜನ್ನು ನಿಧಾನವಾಗಿ ತೀಡಿ ಆ ಮೂಲೆಯನ್ನೂ ಸರಿಮಾಡಿದೆವು.

“ಅಲ್ಹಮ್ದುಲಿಲ್ಲಾ,” ಎಂದು ಇಮ್ತಿಯಾಜ್ ಕಲ್ಲಿನ ಪಕ್ಕದಲ್ಲೇ ಕುಕ್ಕರಿಸಿದ. ನನಗೆ ಹೋದ ಜೀವ ಬಂದಂತಾಗಿತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ಕಣ್ಣು ಒದ್ದೆಯಾಗದ ನಾನು ಶೀಲ್ಡ್ ಒರೆಸುವ ನೆಪದಲ್ಲಿ ಅತ್ತ ತಿರುಗಿಕೊಂಡೆ.

ಜೀಪಿಗೆ ಹೆಡರು ಕೂರಿಸಿ, ಸೈಲೆನ್ಸರಿನ ಬಾಲದಿಂದ ಕಂಪ್ರೆಸರಿನ ಗಾಳಿಯನ್ನು ಮೆಲ್ಲಗೆ ಬಿಟ್ಟು, ಫ್ಲ್ಯಾಂಜಿನ ಸುತ್ತ ಸೋಪಿನ ನೊರೆ ಹಚ್ಚಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಪೆಡಲ್ ಹತ್ತಿರದ ತೂತುಗಳಿಗೆಲ್ಲ ರಬ್ಬರ್ ಬುಷ್ ಹಾಕಿದೆವು. ಕತ್ತಲಾಗುವ ಮೊದಲೇ ಭಾಗ್ಯ ಬಂದು ಗಾಡಿ ತೆಗೆದುಕೊಂಡು ಹೋದಳು. ನಾಳೆ ಸಂಜೆ ಪರದೆ ಇಳಿಸಿ ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ನಾನೂ ಕೂರುತ್ತೇನೆ ಎಂದು ಅವಳಿಗೆ ಹೇಳಿ ಕಳಿಸಿದೆ. ಗುಳ್ಳೆ ಏಳದಿರುವುದು ಒಂದು ಮಾತು. ಆ ಗೂಡಿನೊಳಗೆ ಕೂತು ಉಸಿರಾಡುವುದು ಇನ್ನೊಂದು.

ಸೋಮವಾರ ಸಂಜೆ ಸರಿಯಾಗಿ ಮಳೆ ಹಿಡಿಯಿತು. ಪರದೆ ಇಳಿಸಿದರು. ಎರಡು ಉದ್ದ ಸೀಟುಗಳಲ್ಲಿ ಮಕ್ಕಳ ನಡುವೆ ನಾನು ಬ್ಯಾಗುಗಳ ಜೊತೆ ಇನ್ನೊಂದು ಬ್ಯಾಗಾಗಿ ಸಿಕ್ಕಿಕೊಂಡೆ. ಒಬ್ಬ ನನ್ನ ಕಾಲು ತುಳಿದ. ಇಬ್ಬರು ಕಡಲೆಕಾಯಿಗೆ ಕಿತ್ತಾಡಿದರು. ಚಿಕ್ಕತಾಯಮ್ಮನ ಮೊಮ್ಮಗಳು, ಎಂಟನೇ ಕ್ಲಾಸಿನ ಸಿಂಚನ, ವೆಲ್ಡಿಂಗ್ ಮಾಡುವಾಗ ಕಣ್ಣು ಹೋಗುವುದಿಲ್ಲವೇ, ಹಾಗಾದರೆ ನಿಮಗೆ ಕನ್ನಡಕ ಯಾಕೆ ಎಂದು ದಾರಿಯುದ್ದಕ್ಕೂ ತಲೆ ತಿಂದಳು. ನಾನು ಮಾತ್ರ ಒಂದು ಕಣ್ಣು ಅವರ ಮುಖಗಳ ಮೇಲಿಟ್ಟೇ ಕೂತಿದ್ದೆ. ಯಾರ ರೆಪ್ಪೆಯಾದರೂ ಭಾರವಾಗುತ್ತಿದೆಯೇ, ಯಾರಾದರೂ ಹಣೆ ಒತ್ತಿಕೊಳ್ಳುತ್ತಿದ್ದಾರೆಯೇ ಎಂದು. ಗೇಜು ಹೇಳಿದ್ದನ್ನು ನಂಬಿದ್ದೆ, ಆದರೂ ಅಲ್ಲಿ ಕೂತಾಗ ಗೇಜಿನ ಮೇಲೆ ಭರವಸೆ ಸಾಲಲಿಲ್ಲ. ನಮ್ಮ ಕೆಲಸ ಸರಿಯಾಗಿದೆಯೇ ಎಂದು ಹೇಳುವ ಅಧಿಕಾರ ಶೆಡ್ಡಿನಲ್ಲಿರುವ ನಮಗಿಲ್ಲ, ಅದರ ಮೇಲೆ ಉಸಿರು ಒತ್ತೆಯಿಟ್ಟು ಕೂರುವವರಿಗಿದೆ. ಇನ್‌ಸ್ಟ್ರಕ್ಟರ್ ಆಗಿ ಎಷ್ಟೋ ಜನರಿಗೆ ಪಾಸ್ ಫೇಲ್ ಹಾಕಿದ ನನಗೆ ಇದು ತಿಳಿದದ್ದು ಅಲ್ಲೇ.

ಊರು ಬಂತು. ಬೇಲಿಯ ಪಕ್ಕದಲ್ಲಿ ಚಿಕ್ಕತಾಯಮ್ಮ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಕಾಯುತ್ತಿದ್ದರು. ಮೊಮ್ಮಗಳು ಇಳಿದಿದ್ದೇ ತಡ, ಜುಟ್ಟು ಹಿಡಿದು ಎಳೆದು ತಲೆಗೆ ಮೂಗು ಹಚ್ಚಿದರು. ಆಮೇಲೆ ಅವಳ ಯೂನಿಫಾರಮ್ಮಿನ ಕಾಲರ್ ಮೂಸಿದರು. ಗಲ್ಲ ಹಿಡಿದು ಎತ್ತಿ ಎರಡೂ ಕಣ್ಣು ನೋಡಿದರು. ನನ್ನ ಯಾವ ಪರೀಕ್ಷೆಯೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

“ನೀನೇನಪ್ಪ ಬೆಸುಗ ಹಾಕ್ದೋನು?” ಎಂದು ನನ್ನ ಕಡೆ ತಿರುಗಿದರು.

“ಹೂಂ ಕಣವ್ವ.”

“ವಾಸ್ನ ಇಲ್ಲ. ಆದ್ರ ಒಂದ್ ದಿನುಕ್ಕ ನಂಬಾಕಾಯ್ತದಾ? ನಾಳಿಕೂ ಬಂದು ಕುಂತ್ಕ. ನಾಳಿದ್ದೂ ಬಾ.”

ಭಾಗ್ಯ ನಗು ತಡೆಯಲಾರದೆ ಸ್ಟಿಯರಿಂಗಿಗೆ ಹಣೆ ಇಟ್ಟಳು. ನಾನು ಬರುತ್ತೇನೆಂದೆ. ಮರುದಿನವೂ ಹೋದೆ, ಅದರ ಮರುದಿನವೂ. ಶೆಡ್ಡಿನಲ್ಲಿ ಇಮ್ತಿಯಾಜ್ ನನ್ನನ್ನು ಸ್ಕೂಲ್ ಮೇಷ್ಟ್ರೇ ಎಂದು ರೇಗಿಸತೊಡಗಿದ್ದ. ರೇಗಿಸಲಿ ಎಂದು ಸುಮ್ಮನಿದ್ದೆ. ಆ ದಿನಗಳಲ್ಲಿ ತ್ರೀ ಫೇಸ್ ಬಂದಾಗಲೂ ನಾನು ಟೀ ಪೂರ್ತಿ ಕುಡಿದೇ ಏಳುತ್ತಿದ್ದೆ.

ಮೂರನೆಯ ಸಂಜೆ ಜೀಪು ನಿಂತ ಕೂಡಲೇ ಸಿಂಚನ ಹಿಂದಿನಿಂದ ಧುಮುಕಿ, ಅಜ್ಜಿ ಚಾಚಿದ ಕೈಯಡಿಯಿಂದ ನುಸುಳಿ, ಗೆಳತಿಯ ಹಿಂದೆ ಕೇಕೆ ಹಾಕುತ್ತ ಕೆಸರಿನಲ್ಲಿ ಓಡಿಹೋದಳು. ಚಿಕ್ಕತಾಯಮ್ಮ ಖಾಲಿ ಕೈ ಚಾಚಿಕೊಂಡೇ ಅವಳು ಹೋದ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ಕೈ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಸಾಕು ಬುಡಪ್ಪ,” ಎಂದರು. “ನಾಳಿಂದ ನೀನು ನಿನ್ ಕೆಲ್ಸ ನೋಡ್ಕ ಓಗು.”